ಉಸಿರು ಎಣಿಸುವುದನ್ನು ಬಿಟ್ಟ ಮೇಲೆ: ಪ್ಯಾನಿಕ್‌ಗೆ ಸಿಬಿಟಿ, ಒಂದು ಪ್ರಕರಣ

ಪ್ಯಾನಿಕ್‌ಗೆ, ಅಂದರೆ ಇದ್ದಕ್ಕಿದ್ದಂತೆ ಬರುವ ತೀವ್ರ ಗಾಬರಿಗೆ, ನನ್ನ ಬಳಿ ಚಿಕಿತ್ಸೆಗೆ ಬಂದವರೊಬ್ಬರನ್ನು ಇಲ್ಲಿ ಶಾಲಿನಿ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಕೆಲಸ, ಮನೆ, ಕಾಲ ಎಲ್ಲವನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಚಿಕಿತ್ಸೆ ಎಲ್ಲಿ ನಿಂತಿತು, ಏಕೆ ನಿಂತಿತು, ಮತ್ತೆ ಹೇಗೆ ಮುಂದೆ ಹೋಯಿತು ಎನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಕಲಿಯುತ್ತಿರುವವರಿಗೂ, ಅದನ್ನು ತೆಗೆದುಕೊಳ್ಳುತ್ತಾ "ಎಲ್ಲಾ ಸರಿಯಾಗಿ ಮಾಡ್ತಿದ್ದೀನಿ, ಆದ್ರೂ ಯಾಕೆ ಕಡಿಮೆ ಆಗ್ತಿಲ್ಲ" ಎಂದು ಸೋತಿರುವವರಿಗೂ ಬೇಕಾದ ವಿಷಯ ಅದೇ.

ಹಿನ್ನೆಲೆ

ಶಾಲಿನಿಗೆ ಮೂವತ್ತೈದರ ಆಸುಪಾಸು. ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಆಫೀಸು ಎತ್ತರದ ಮಹಡಿಯಲ್ಲಿತ್ತು. ಗಂಡ, ಶಾಲೆಗೆ ಹೋಗುವ ಮಗಳು. ಮೊದಲು ಯಾವ ಮಾನಸಿಕ ತೊಂದರೆಯೂ ಇರಲಿಲ್ಲ.

ನನ್ನ ಬಳಿ ಬರುವುದಕ್ಕೆ ವರ್ಷದ ಹಿಂದೆ ಅವರ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಸಂಜೆ ಎದೆ ಬಿಗಿಯುತ್ತಿದೆ ಎಂದಿದ್ದರಂತೆ. ಗ್ಯಾಸ್ ಇರಬೇಕು ಎಂದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಇದನ್ನು ಶಾಲಿನಿ ಮೊದಲ ಭೇಟಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ನಾನೂ ಆಗ ಕೆದಕಲಿಲ್ಲ. ಅದು ಎಷ್ಟು ಮುಖ್ಯ ಎನ್ನುವುದು ಆಮೇಲೆ ಬರುತ್ತದೆ.

ಮೊದಲ ಪ್ಯಾನಿಕ್ ಅಟ್ಯಾಕ್ ಬಂದದ್ದು ಒಂದು ಮೀಟಿಂಗಿನಲ್ಲಿ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಒತ್ತಡ, ಕೆಲವು ರಾತ್ರಿಯ ನಿದ್ದೆಗೇಡು. ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಂಡಿತು. ಬೆರಳು ಜುಮ್ಮೆಂದವು. ಎಷ್ಟು ಉಸಿರು ಎಳೆದರೂ ಸಾಲದು ಅನ್ನಿಸಿತು. ಸಹೋದ್ಯೋಗಿಗಳು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ಸರಿ ಇತ್ತು. "ಹೃದಯ ಚೆನ್ನಾಗಿದೆ, ಟೆನ್ಷನ್ ಅಷ್ಟೇ" ಎಂದು ಕಳಿಸಿದರು. ಆ ಮಾತು ಒಂದೆರಡು ದಿನ ಸಮಾಧಾನ ಕೊಟ್ಟಿತು. ಎರಡನೇ ಅಟ್ಯಾಕ್ ಲಿಫ್ಟಿನಲ್ಲಿ ಬಂತು. ಆಮೇಲೆ ಹೃದಯ ತಜ್ಞರ ಭೇಟಿ, ಎಕೋ, ಟ್ರೆಡ್‌ಮಿಲ್ ಟೆಸ್ಟ್, ಥೈರಾಯ್ಡ್ ಪರೀಕ್ಷೆ. ಎಲ್ಲವೂ ನಾರ್ಮಲ್.

ಕೊನೆಗೆ ಮನೋವೈದ್ಯರ ಬಳಿ ಹೋದರು. ಅವರು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ (ಆತಂಕ, ಖಿನ್ನತೆಗೆ ದಿನವೂ ತೆಗೆದುಕೊಳ್ಳುವಂಥದ್ದು) ಶುರು ಮಾಡಿದರು. ತೀರಾ ಗಾಬರಿಯಾದಾಗ ತೆಗೆದುಕೊಳ್ಳಲು ಬೆಂಜೊಡಯಜೆಪಿನ್ ಗುಂಪಿನ (ಬೇಗ ಶಾಂತಗೊಳಿಸುವ) ಒಂದು ಮಾತ್ರೆಯನ್ನೂ ಕೆಲವೇ ದಿನಗಳ ಮಟ್ಟಿಗೆ ಎಂದು ಬರೆದುಕೊಟ್ಟರು. ಜೊತೆಗೆ ಸಿಬಿಟಿ ಬೇಕು ಎಂದು ನನ್ನ ಬಳಿ ಕಳಿಸಿದರು.

ದೇಹದ ಪರೀಕ್ಷೆಗಳು ಆಗಲೇ ಮುಗಿದಿದ್ದವು ಎನ್ನುವುದನ್ನು ಒತ್ತಿ ಹೇಳಬೇಕು. ಥೈರಾಯ್ಡ್ ಜಾಸ್ತಿಯಾದಾಗ, ಹೃದಯದ ಬಡಿತ ತಪ್ಪಿದಾಗ, ಕೆಲವು ಔಷಧಿಗಳಿಂದ, ಕಾಫಿ ಅತಿಯಾದಾಗ ಕೂಡ ಪ್ಯಾನಿಕ್‌ನಂಥದ್ದೇ ಲಕ್ಷಣ ಬರುತ್ತದೆ. ಅದನ್ನೆಲ್ಲ ನೋಡದೆ "ಇದು ಬರೀ ಮನಸ್ಸಿನದು" ಎಂದು ಸಿಬಿಟಿ ಶುರು ಮಾಡುವುದು ಅಪಾಯ.

ಬಂದಾಗ ಇದ್ದ ಸ್ಥಿತಿ

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಪ್ಯಾನಿಕ್ ಅಟ್ಯಾಕ್ ಎಂದರೆ ಥಟ್ಟನೆ ಏರಿ ಕೆಲವೇ ನಿಮಿಷದಲ್ಲಿ ತುದಿ ಮುಟ್ಟುವ ಭಯ. ಪಟ್ಟಿಯಲ್ಲಿರುವ 13 ಲಕ್ಷಣಗಳಲ್ಲಿ ಕನಿಷ್ಠ 4 ಇರಬೇಕು. ಆದರೆ ಅಟ್ಯಾಕ್ ಬಂದ ಮಾತ್ರಕ್ಕೆ ಅದು ಕಾಯಿಲೆ ಆಗುವುದಿಲ್ಲ. ಮತ್ತೆ ಮತ್ತೆ ಯಾವ ಸುಳಿವೂ ಇಲ್ಲದೆ ಬರಬೇಕು. ಅದಾದ ಮೇಲೆ ಒಂದು ತಿಂಗಳಾದರೂ "ಇನ್ನೊಂದು ಬಂದರೆ" ಎನ್ನುವ ಚಿಂತೆ ಇರಬೇಕು, ಇಲ್ಲವೇ ಆ ಭಯಕ್ಕೆ ನಡವಳಿಕೆ ಬದಲಾಗಿರಬೇಕು.

ಶಾಲಿನಿಯ ಕಷ್ಟ ಇದ್ದದ್ದು ಈ ಕೊನೆಯ ಭಾಗದಲ್ಲೇ. ವಾರಕ್ಕೆ ಬರುತ್ತಿದ್ದ ಅಟ್ಯಾಕ್‌ಗಳು ಎರಡೋ ಮೂರೋ. ಅವುಗಳನ್ನು ತಡೆಯಲು ನಡೆಯುತ್ತಿದ್ದ ಕೆಲಸ ಮಾತ್ರ ಇಡೀ ದಿನದ್ದು. ಲಿಫ್ಟ್ ಬಿಟ್ಟಿದ್ದರು. ಕಾರು ಓಡಿಸುವುದು ಬಿಟ್ಟಿದ್ದರು. ಮನೆಯಿಂದ ಕೆಲಸ ಮಾಡಲು ಅನುಮತಿ ತೆಗೆದುಕೊಂಡಿದ್ದರು. ಒಬ್ಬರೇ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋದರೆ ನೀರಿನ ಬಾಟಲಿ, ಪರ್ಸ್‌ನಲ್ಲಿ ಮಾತ್ರೆ, ಪೂರ್ತಿ ಚಾರ್ಜ್ ಆದ ಫೋನು ಬೇಕೇ ಬೇಕು. ಕೈಯಲ್ಲಿ ನಾಡಿ ಬಡಿತ ತೋರಿಸುವ ಸ್ಮಾರ್ಟ್ ವಾಚ್. ಫೋನಿನಲ್ಲಿ ಉಸಿರಾಟ ಹೇಳಿಕೊಡುವ ಆ್ಯಪ್. ನಾಲ್ಕು ಎಣಿಸಿ ಎಳೆದುಕೊಳ್ಳುವುದು, ನಾಲ್ಕು ಎಣಿಸಿ ಹಿಡಿಯುವುದು, ನಾಲ್ಕು ಎಣಿಸಿ ಬಿಡುವುದು. ಇದನ್ನು ತಾವೇ ಹುಡುಕಿ ಕಲಿತಿದ್ದರು. ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು.

ಪ್ಯಾನಿಕ್‌ನ ತೀವ್ರತೆ ಅಳೆಯಲು ಪಿಡಿಎಸ್‌ಎಸ್ ಎನ್ನುವ ಪ್ರಶ್ನಾವಳಿ ಬಳಸಿದೆ. 7 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 28. ಶಾಲಿನಿಯ ಅಂಕ 19. ಅದರಲ್ಲಿ ಹೆಚ್ಚಿನ ಅಂಕ ಬಂದದ್ದು ಮುಂದಿನ ಅಟ್ಯಾಕ್ ಬಗ್ಗೆ ಇದ್ದ ಭಯಕ್ಕೆ ಮತ್ತು ಜಾಗಗಳನ್ನು ತಪ್ಪಿಸುವುದಕ್ಕೆ. ಸಾಯುವ ಯೋಚನೆ, ಕುಡಿತ, ತೀವ್ರ ಖಿನ್ನತೆ ಇಲ್ಲ ಎನ್ನುವುದನ್ನೂ ಕೇಳಿ ಖಚಿತ ಮಾಡಿಕೊಂಡೆ.

ಮೊದಲ ವಾರಗಳು

ಶುರುವಿನಲ್ಲಿ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇತ್ತೀಚಿನ ಒಂದು ಅಟ್ಯಾಕ್ ತೆಗೆದುಕೊಂಡು ಕಾಗದದ ಮೇಲೆ ಒಟ್ಟಿಗೆ ಬರೆದೆವು. ಮೊದಲು ಏನಾಯಿತು, ಆಮೇಲೆ ಏನು ಹೊಳೆಯಿತು, ಅದರಿಂದ ದೇಹಕ್ಕೆ ಏನಾಯಿತು.

ಇದರ ಹಿಂದಿರುವುದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆ. ದೇಹದ ಸಾಮಾನ್ಯ ಬದಲಾವಣೆಯೊಂದನ್ನು ಮನಸ್ಸು "ಇದು ಸಾವು", "ಇದು ಹುಚ್ಚು", "ಈಗ ಬಿದ್ದೆ" ಎಂದು ಓದಿಕೊಳ್ಳುತ್ತದೆ. ಹಾಗೆ ಓದಿದ ಕೂಡಲೇ ಭಯ. ಭಯ ಬಂದರೆ ಅಡ್ರಿನಲಿನ್, ಬಡಿತ ಇನ್ನೂ ಜೋರು. ಉಸಿರು ಬೇಗಬೇಗ ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ತಲೆ ಹಗುರಾಗುವುದು, ಬೆರಳು ಜುಮ್ಮೆನ್ನುವುದು. ಆ ಹೊಸ ಲಕ್ಷಣವನ್ನೂ ಮನಸ್ಸು ಸಾವಿನ ಗುರುತು ಎಂದೇ ಓದುತ್ತದೆ. ಸುತ್ತು ಪೂರ್ತಿಯಾಯಿತು. ಶಾಲಿನಿಗೆ ಇದು ತಕ್ಷಣ ಅರ್ಥವಾಯಿತು. ತಮ್ಮ ಅಟ್ಯಾಕನ್ನು ಬಾಣದ ಗುರುತು ಹಾಕಿ ತಾವೇ ಬರೆದು ತಂದರು.

ಆಮೇಲೆ ಥಾಟ್ ರೆಕಾರ್ಡ್. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಚಿಕಿತ್ಸೆಯಿಂದ ಬಂದ ಸಾಧನ. ಯೋಚನೆ ಏನು, ಅದನ್ನು ಎಷ್ಟು ನಂಬುತ್ತೀರಿ, ಅದಕ್ಕೆ ಪರವಾಗಿ ಏನಿದೆ, ವಿರುದ್ಧ ಏನಿದೆ, ಎಲ್ಲಾ ನೋಡಿದ ಮೇಲೆ ಏನನ್ನಿಸುತ್ತದೆ. ಲೆಕ್ಕದವರು, ಹಾಳೆ ತುಂಬುವುದು ಅವರಿಗೆ ಕೈಬಂದ ಕೆಲಸ. ಅಷ್ಟು ಚೊಕ್ಕವಾಗಿ ತುಂಬಿದ ಹಾಳೆಗಳನ್ನು ನಾನು ನೋಡಿದ್ದು ಕಡಿಮೆ. "ಹೃದಯ ನಿಂತುಹೋಗುತ್ತದೆ" ಎನ್ನುವುದನ್ನು ನೂರಕ್ಕೆ 90 ನಂಬುತ್ತಿದ್ದವರು, ಹಾಳೆ ಮುಗಿಯುವಾಗ 30ಕ್ಕೆ ಇಳಿಯುತ್ತಿದ್ದರು.

ಅಟ್ಯಾಕ್‌ಗಳೂ ಕಡಿಮೆಯಾದವು. ಹೊರಗಿನಿಂದ ನೋಡಿದರೆ ಚಿಕಿತ್ಸೆ ಕೆಲಸ ಮಾಡುತ್ತಿತ್ತು.

ಎಲ್ಲಿ ನಿಂತಿತು

ಲಿಫ್ಟ್ ಹತ್ತುವ ಮಾತು ಬಂದಾಗಲೆಲ್ಲ "ಮುಂದಿನ ವಾರ" ಎನ್ನುತ್ತಿದ್ದರು. ಆಫೀಸಿಗೆ ಮರಳುವುದೂ ಮುಂದಿನ ವಾರವೇ. ಅಟ್ಯಾಕ್ ಕಡಿಮೆಯಾಗಿದ್ದು ಏಕೆಂದರೆ ಅವರು ಮನೆಯಿಂದ ಹೊರಗೆ ಹೋಗುವುದೂ ಕಡಿಮೆಯಾಗಿತ್ತು. ಪಿಡಿಎಸ್‌ಎಸ್ ಒಟ್ಟು ಅಂಕ ಇಳಿದಿದ್ದರೂ, ಜಾಗಗಳನ್ನು ತಪ್ಪಿಸುವುದರ ಬಗ್ಗೆ ಇರುವ ಪ್ರಶ್ನೆಗಳ ಅಂಕ ಒಂದು ಚೂರೂ ಅಲುಗಿರಲಿಲ್ಲ. ಒಟ್ಟು ಅಂಕ ಮಾತ್ರ ನೋಡುವವರು ಇಲ್ಲಿ ಮೋಸ ಹೋಗುತ್ತಾರೆ. ಪ್ರಶ್ನೆ ಪ್ರಶ್ನೆಯಾಗಿ ನೋಡಬೇಕು.

ಒಂದು ದಿನ ಹಾಳೆಗಳನ್ನು ಯಾವಾಗ ಬರೆಯುತ್ತೀರಿ ಎಂದು ಕೇಳಿದೆ. ಅಟ್ಯಾಕ್ ಮುಗಿದ ಮೇಲೆ ಬರೆಯುತ್ತಾರೆ ಎಂದುಕೊಂಡಿದ್ದೆ.

"ಹಳೇ ಹಾಳೆಗಳನ್ನೆಲ್ಲ ಫೋನಲ್ಲಿ ಫೋಟೋ ತೆಗೆದಿಟ್ಟಿದ್ದೀನಿ ಮೇಡಂ. ಹೊರಗೆ ಹೊರಡೋ ಮುಂಚೆ ಓದ್ಕೋತೀನಿ. ಓದಿದ್ರೆ ಸಮಾಧಾನ ಆಗುತ್ತೆ."

"ಎಷ್ಟು ಹೊತ್ತು ಇರುತ್ತೆ ಆ ಸಮಾಧಾನ?"

"ಸ್ವಲ್ಪ ಹೊತ್ತು. ಆಮೇಲೆ ಮತ್ತೆ ಓದ್ಬೇಕು."

ಆಗ ಇನ್ನೊಂದು ಪ್ರಶ್ನೆ ಕೇಳಿದೆ. ಈ ಪ್ರಕರಣದ ತಿರುವು ಅದೇ ಎಂದು ನನ್ನ ಅನಿಸಿಕೆ. "ಇಷ್ಟೊಂದು ಅಟ್ಯಾಕ್ ಬಂದಿವೆ. ಪ್ರತಿ ಸಲ ಹೃದಯ ನಿಂತೇಹೋಯ್ತು ಅನ್ನಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅಂತ ನಿಮಗೆ ಅನ್ನಿಸುತ್ತೆ?"

ಯೋಚನೆಯೇ ಮಾಡದೆ ಉತ್ತರ ಬಂತು. "ನಾನು ಸಮಯಕ್ಕೆ ಸರಿಯಾಗಿ ಉಸಿರಾಟ ಶುರು ಮಾಡ್ತಿದ್ನಲ್ಲ, ಅದಕ್ಕೆ."

ಅಲ್ಲಿಗೆ ಎಲ್ಲವೂ ಸ್ಪಷ್ಟವಾಯಿತು. ಅವರ ಮಟ್ಟಿಗೆ ಪ್ರತಿ ಅಟ್ಯಾಕೂ ಕೂದಲೆಳೆಯಲ್ಲಿ ತಪ್ಪಿದ ಸಾವು. ಬದುಕಿ ಉಳಿದದ್ದರಿಂದ "ಇದು ಅಪಾಯವಲ್ಲ" ಎನ್ನುವ ಪಾಠ ಅವರಿಗೆ ಸಿಕ್ಕಿರಲಿಲ್ಲ. "ಈ ಸಲವೂ ಹೇಗೋ ತಡೆದೆ" ಎನ್ನುವ ಪಾಠ ಸಿಕ್ಕಿತ್ತು. ವಾಚ್ ನೋಡುವುದು, ನೀರು ಕುಡಿಯುವುದು, ಗಂಡನ ಕೈ ಹಿಡಿಯುವುದು, ಉಸಿರು ಎಣಿಸುವುದು, ಈಗ ನಾವು ಕೊಟ್ಟ ಹಾಳೆಯನ್ನು ಓದುವುದು, ಎಲ್ಲವೂ ಒಂದೇ ಸಾಲಿಗೆ ಸೇರಿದ್ದವು. ಮನಶ್ಶಾಸ್ತ್ರಜ್ಞ ಪಾಲ್ ಸಾಲ್ಕೋವ್‌ಸ್ಕಿಸ್ 1991ರಲ್ಲಿ ಇಂಥ ಅಭ್ಯಾಸಗಳ ಬಗ್ಗೆ ಬರೆದದ್ದು ಇದನ್ನೇ. ಇವು ಆ ಹೊತ್ತಿಗೆ ಭಯ ತಗ್ಗಿಸುತ್ತವೆ, ಆದರೆ ಭಯ ಸುಳ್ಳು ಎಂದು ತಿಳಿಯುವ ಅವಕಾಶವನ್ನೇ ಕಿತ್ತುಕೊಳ್ಳುತ್ತವೆ.

ಹಾಳೆಯಲ್ಲಿ ತಪ್ಪಿರಲಿಲ್ಲ. ನಿಧಾನವಾಗಿ ಉಸಿರಾಡುವುದೂ ಕೆಟ್ಟದ್ದಲ್ಲ. ಅವು ಶಾಲಿನಿಯ ಕೈಯಲ್ಲಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿದ್ದವು ಎನ್ನುವುದನ್ನು ನೋಡಬೇಕಿತ್ತು. ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸವನ್ನು ಕ್ರಮಬದ್ಧವಾಗಿ, ಶಿಸ್ತಿನಿಂದ ಮಾಡುವವರಲ್ಲಿ ಇದು ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಹಾಳೆ ತುಂಬದವರ ಬಗ್ಗೆ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಚೆನ್ನಾಗಿ ತುಂಬುವವರನ್ನು ಯಾರೂ ಪ್ರಶ್ನಿಸುವುದಿಲ್ಲ, ಅಲ್ವಾ?

ಮುಂದೆ ಯಾವ ದಾರಿ

ಮೂರು ಆಯ್ಕೆಗಳಿದ್ದವು.

ಒಂದು, ಯೋಚನೆಗಳ ಮೇಲೆ ಇನ್ನೂ ಆಳವಾಗಿ ಕೆಲಸ ಮಾಡುವುದು. ಇದನ್ನು ಬೇಗ ಬಿಟ್ಟೆ. ಅವರ ತಲೆಗೆ ಗೊತ್ತಾಗಬೇಕಾದದ್ದು ಆಗಲೇ ಗೊತ್ತಾಗಿತ್ತು.

ಎರಡು, ಉಸಿರಾಟ, ವಾಚು, ಬಾಟಲಿ ಎಲ್ಲವನ್ನೂ ಇಟ್ಟುಕೊಂಡೇ ಮೆಲ್ಲಗೆ ಹೊರಗೆ ಹೋಗುವುದು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2008ರಲ್ಲಿ ರಾಕ್ಮನ್, ರಾಡೊಮ್ಸ್‌ಕಿ ಮತ್ತು ಶಾಫ್ರಾನ್, ಚಿಕಿತ್ಸೆಯ ಮೊದಲ ಹಂತದಲ್ಲಿ ಇಂಥ ಆಸರೆಗಳನ್ನು ವಿವೇಚನೆಯಿಂದ ಬಳಸಿದರೆ ಜನ ಧೈರ್ಯವಾಗಿ ಮುಂದೆ ಬರುತ್ತಾರೆ ಎಂದು ವಾದಿಸಿದ್ದರು. ಹೊರಗೆ ಕಾಲಿಡಲೇ ಆಗದವರಿಗೆ ನಾನೂ ಹಾಗೇ ಮಾಡುತ್ತೇನೆ. ಆದರೆ ಶಾಲಿನಿ "ಉಸಿರಾಟದಿಂದಲೇ ಉಳಿದೆ" ಎಂದು ಬಾಯಿಬಿಟ್ಟು ಹೇಳಿದ್ದರು. ಅದನ್ನು ಇಟ್ಟುಕೊಂಡು ಲಿಫ್ಟ್ ಹತ್ತಿಸಿದರೆ ಆ ನಂಬಿಕೆಗೆ ಇನ್ನೊಂದು ಸಾಕ್ಷಿ ಸೇರುತ್ತಿತ್ತು ಅಷ್ಟೇ.

ಮೂರು, ಆ ನಂಬಿಕೆಯನ್ನೇ ನೇರವಾಗಿ ಪರೀಕ್ಷೆಗೆ ಇಡುವುದು. ತಡೆಯುವುದನ್ನು ನಿಲ್ಲಿಸಿದರೆ ನಿಜವಾಗಿ ಏನಾಗುತ್ತದೆ ಎಂದು ನೋಡುವುದು. ಇದನ್ನೇ ಆರಿಸಿಕೊಂಡೆವು. 2000ದಲ್ಲಿ ನಾರ್ಮನ್ ಶ್ಮಿಟ್ ಮತ್ತು ಸಂಗಡಿಗರು ಪ್ಯಾನಿಕ್‌ನ ಸಿಬಿಟಿಗೆ ಉಸಿರಾಟದ ತರಬೇತಿ ಸೇರಿಸಿದಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂದು ತೋರಿಸಿದ್ದರು. ಹಾಗಾಗಿ ಅದನ್ನು ಬದಿಗಿಟ್ಟರೆ ಏನೋ ದೊಡ್ಡದನ್ನು ಕಳೆದುಕೊಳ್ಳುತ್ತೇವೆ ಎನ್ನುವ ಅಳುಕು ನನಗಿರಲಿಲ್ಲ.

ಇದನ್ನು ಶಾಲಿನಿಗೆ ಹೇಳುವ ರೀತಿ ಮುಖ್ಯವಾಗಿತ್ತು. "ನೀವು ಮಾಡ್ತಿರೋದು ತಪ್ಪು, ಬಿಡಿ" ಎಂದರೆ ಅವರ ಒಂದೇ ಆಸರೆಯನ್ನು ಕಿತ್ತುಕೊಂಡ ಹಾಗೆ. ಅದಕ್ಕೆ ಎರಡು ಸಾಧ್ಯತೆಗಳನ್ನು ಪಕ್ಕಪಕ್ಕ ಬರೆದೆವು. ಮೊದಲನೆಯದು: ನನ್ನ ಹೃದಯ ದುರ್ಬಲ, ಎಣಿಸಿ ಉಸಿರಾಡುವುದರಿಂದ ಉಳಿದಿದ್ದೇನೆ. ಎರಡನೆಯದು: ನನ್ನ ಹೃದಯ ಸರಿಯಿದೆ, ಹೃದಯದ ಬಗ್ಗೆ ಇರುವ ಭಯದಿಂದ ಒದ್ದಾಡುತ್ತಿದ್ದೇನೆ. ಯಾವುದು ಸರಿ ಎಂದು ನಾನು ಹೇಳಲಿಲ್ಲ. ಇವೆರಡರಲ್ಲಿ ಯಾವುದು ನಿಜ ಎಂದು ತಿಳಿಯಲು ಏನು ಮಾಡಬೇಕು ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಒಂದ್ಸಲ ಉಸಿರಾಟ ಮಾಡ್ದೆ ಇರ್ಬೇಕು" ಎಂದರು. ಆ ಮಾತು ಅವರ ಬಾಯಿಂದಲೇ ಬಂದದ್ದು ದೊಡ್ಡದು.

ಪರೀಕ್ಷೆಗಳು

ಶುರು ಮಾಡುವ ಮುಂಚೆ ಅವರ ವೈದ್ಯರ ಒಪ್ಪಿಗೆ ತೆಗೆದುಕೊಂಡೆವು. ಬೇಕೆಂದೇ ವೇಗವಾಗಿ ಉಸಿರಾಡಿಸುವುದು ಎಲ್ಲರಿಗೂ ಆಗುವಂಥದ್ದಲ್ಲ. ಮೂರ್ಛೆ ರೋಗ, ಹೃದಯದ ಕಾಯಿಲೆ, ತೀವ್ರ ಉಬ್ಬಸ ಇರುವವರು, ಗರ್ಭಿಣಿಯರಲ್ಲಿ ಬಹಳ ಎಚ್ಚರ ಬೇಕು.

ಮೊದಲನೆಯದು ನನ್ನ ಕೋಣೆಯಲ್ಲೇ. ಒಂದು ನಿಮಿಷ ಬಾಯಿಂದ ವೇಗವಾಗಿ, ಆಳವಾಗಿ ಉಸಿರಾಡುವುದು. ಮುಗಿದ ಮೇಲೆ ಉಸಿರು ಸರಿಮಾಡಿಕೊಳ್ಳಲು ಏನೂ ಮಾಡದೆ ನಿಲ್ಲುವುದು. ಮುಂಚೆಯೇ ಊಹೆಯನ್ನು ಬರೆಸಿದೆ. "ಪ್ರಜ್ಞೆ ತಪ್ಪಿ ಬೀಳುತ್ತೇನೆ, ನಂಬಿಕೆ 80." ಊಹೆ ಹೀಗೆ ಸ್ಪಷ್ಟವಾಗಿರಬೇಕು. "ಕಷ್ಟ ಆಗುತ್ತೆ" ಎಂದು ಬರೆದರೆ ಉಪಯೋಗವಿಲ್ಲ, ಕಷ್ಟ ಆಗಿಯೇ ಆಗುತ್ತದೆ. ಸರಿಯೋ ತಪ್ಪೋ ಎಂದು ಹೇಳಲು ಬರುವಂಥ ಊಹೆ ಬೇಕು.

ನಾನೂ ಜೊತೆಗೆ ಮಾಡಿದೆ. ನಿಮಿಷ ಮುಗಿದಾಗ ಶಾಲಿನಿಯ ಕಣ್ಣಲ್ಲಿ ನೀರಿತ್ತು. ತಲೆ ಸುತ್ತುತ್ತಿತ್ತು, ಬೆರಳು ಮರಗಟ್ಟಿದ್ದವು. ಕುರ್ಚಿ ಹಿಡಿಯಲು ಕೈ ಹೋಯಿತು, ತಾವೇ ಹಿಂದಕ್ಕೆ ಎಳೆದುಕೊಂಡರು. ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ಎಲ್ಲಾ ತಾನಾಗಿಯೇ ಇಳಿಯಿತು.

"ಇದು ಅದೇ ಮೇಡಂ. ಮೀಟಿಂಗಲ್ಲಿ ಆಗಿದ್ದು ಇದೇ. ಈಗ ನಾನೇ ಬರಿಸ್ಕೊಂಡೆ ಅಲ್ವಾ?"

ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ ರಕ್ತದೊತ್ತಡ ಇಳಿಯಬೇಕು. ಪ್ಯಾನಿಕ್‌ನಲ್ಲಿ ಅದು ಏರುವುದೇ ಜಾಸ್ತಿ. ಇದನ್ನು ಮೊದಲ ವಾರದಲ್ಲೇ ವಿವರಿಸಿದ್ದೆ, ತಲೆಯಾಡಿಸಿದ್ದರು. ನಂಬಿದ್ದು ಮಾತ್ರ ಈಗ.

ಆಮೇಲೆ ಮೆಟ್ಟಿಲು. ವಾಚ್ ಬಿಚ್ಚಿಟ್ಟು ಬೇಗಬೇಗ ಹತ್ತುವುದು, ತುದಿಯಲ್ಲಿ ನಾಡಿ ಹಿಡಿದು ನೋಡದೆ ನಿಲ್ಲುವುದು. ವಾಚ್ ಬಿಚ್ಚಲು ಉಸಿರಾಟ ಬಿಡುವುದಕ್ಕಿಂತ ಹೆಚ್ಚು ಹಿಂಜರಿದರು. ನಾಡಿ ಎಷ್ಟಿದೆ ಎಂದು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ನೋಡುತ್ತಿದ್ದರು. ನೋಡಿದಾಗ ಜಾಸ್ತಿ ಇದ್ದರೆ ಭಯ, ಭಯಕ್ಕೆ ಇನ್ನೂ ಜಾಸ್ತಿ. ಮೊದಲು ಮನೆಯಲ್ಲಿರುವಾಗ ಬಿಚ್ಚಿಡುವುದು, ಆಮೇಲೆ ಹೊರಗೆ ಹೋದಾಗ ಎಂದು ಹಂತ ಮಾಡಿಕೊಂಡೆವು.

ನಂತರ ಲಿಫ್ಟ್, ಕಾರು, ಒಬ್ಬರೇ ಅಂಗಡಿ ಸಾಲಿನಲ್ಲಿ ನಿಲ್ಲುವುದು. ಇವನ್ನು ಸುಲಭದಿಂದ ಕಷ್ಟಕ್ಕೆ ಎಂದು ನೇರ ಸಾಲಿನಲ್ಲಿ ಮಾಡಲಿಲ್ಲ. ಮಿಷೆಲ್ ಕ್ರಾಸ್ಕೆ ಮತ್ತು ಸಂಗಡಿಗರ ಕೆಲಸ ಹೇಳುವ ಪ್ರಕಾರ ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಕಲಿಕೆಯೊಂದು ಬೆಳೆಯುತ್ತದೆ. ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತಿನಲ್ಲಿ ಕಲಿತರೆ ಅದು ಗಟ್ಟಿಯಾಗುತ್ತದೆ. ಪ್ರತಿ ಸಲ ಬಂದಾಗಲೂ "ಭಯ ಎಷ್ಟು ಇಳಿಯಿತು" ಎಂದು ಕೇಳುವುದನ್ನು ಬಿಟ್ಟು, "ಏನಾಗುತ್ತೆ ಅಂದ್ಕೊಂಡಿದ್ರಿ, ಏನಾಯ್ತು" ಎಂದು ಮಾತ್ರ ಕೇಳತೊಡಗಿದೆ. ಭಯ ಇಳಿಯಲೇಬೇಕು ಎಂದು ಹಟ ಹಿಡಿದರೆ, ಇಳಿಯದ ದಿನ ಸೋತ ಹಾಗೆ ಅನ್ನಿಸುತ್ತದೆ.

ಗಂಡನನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಮನುಷ್ಯ. ದಿನಕ್ಕೆ ಹತ್ತಾರು ಸಲ "ಏನೂ ಆಗಲ್ಲ, ನಾನಿದ್ದೀನಲ್ಲ" ಎಂದು ಹೇಳಿ ಹೇಳಿ ಅವರೂ ಸುಸ್ತಾಗಿದ್ದರು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಕೈಬಿಟ್ಟ ಹಾಗಾಗುತ್ತದೆ ಎಂದು ಹೆದರಿದ್ದರು. ಮೂವರೂ ಕೂತು ಏನು ಹೇಳಬೇಕು ಎಂದು ತೀರ್ಮಾನಿಸಿದೆವು. "ಕಷ್ಟ ಆಗ್ತಿದೆ ಅಂತ ಗೊತ್ತು ಶಾಲೂ. ಇದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಡ್ಕೊಂಡಿದ್ದೀವಿ. ಪಕ್ಕದಲ್ಲಿ ಕೂತ್ಕೊಂಡಿರ್ತೀನಿ." ಈ ಮಾತನ್ನು ಶಾಲಿನಿಯೇ ಆರಿಸಿದ್ದು. ಮನೆಯವರು ಧೈರ್ಯ ಹೇಳುವುದನ್ನು ನಿಲ್ಲಿಸಬೇಕಾದಾಗ, ಅದರ ಬದಲು ಪ್ರೀತಿ ತೋರಿಸಲು ಇನ್ನೊಂದು ದಾರಿ ಅವರ ಕೈಯಲ್ಲಿರಬೇಕು.

ಹಿನ್ನಡೆ

ಕೆಲವು ವಾರ ಚೆನ್ನಾಗಿ ಹೋಯಿತು. ಆಮೇಲೆ ಆಫೀಸಿನ ಲಿಫ್ಟಿನಲ್ಲಿ ದೊಡ್ಡ ಅಟ್ಯಾಕ್. ಅರ್ಧದಲ್ಲೇ ಇಳಿದು, ಮಾತ್ರೆ ನುಂಗಿ, ಆಟೋ ಹಿಡಿದು ನೇರ ಆಸ್ಪತ್ರೆಗೆ ಹೋದರು. ಮತ್ತೆ ಇಸಿಜಿ. ಮತ್ತೆ ನಾರ್ಮಲ್. ಮುಂದಿನ ಭೇಟಿಗೆ ಬಂದಾಗ ಕುಳಿತ ಕೂಡಲೇ ಹೇಳಿದರು, "ಇದು ನನಗೆ ಆಗಲ್ಲ ಅನ್ಸುತ್ತೆ."

ಆ ದಿನ ಏನನ್ನೂ ಸಮರ್ಥಿಸಲಿಲ್ಲ. ಲಿಫ್ಟಿನೊಳಗಿನ ಪ್ರತಿ ಕ್ಷಣವನ್ನೂ ನಿಧಾನವಾಗಿ ಕೇಳಿದೆ. ಎಲ್ಲಿ ನಿಂತಿದ್ದಿರಿ, ಕೈ ಎಲ್ಲಿತ್ತು, ಕಾಲು ಹೇಗಿತ್ತು, ಕಣ್ಣು ಎಲ್ಲಿ ನೋಡುತ್ತಿತ್ತು. ಆಗ ಎರಡು ಸಂಗತಿ ಹೊರಬಂದವು. ಇಷ್ಟು ದಿನವೂ ಲಿಫ್ಟಿನಲ್ಲಿ ಅವರು ಮೂಲೆಗೆ ಒರಗಿ, ಕಂಬಿ ಹಿಡಿದು, ಬೀಳಬಾರದೆಂದು ಮಂಡಿ ಬಿಗಿಹಿಡಿದು ನಿಲ್ಲುತ್ತಿದ್ದರು. ಅದನ್ನು ಆಸರೆ ಎಂದು ಅವರೂ ಎಣಿಸಿರಲಿಲ್ಲ. ಆ ದಿನ ಲಿಫ್ಟ್ ತುಂಬಿತ್ತು, ಮೂಲೆ ಸಿಕ್ಕಿರಲಿಲ್ಲ. ಮಧ್ಯದಲ್ಲಿ ನಿಂತಾಗ ಹಳೆಯ ಭಯ ಪೂರ್ತಿ ಬಲದಲ್ಲಿ ಎದ್ದಿತು. ಎರಡನೆಯದು, ಪರ್ಸ್‌ನಲ್ಲಿದ್ದ ಮಾತ್ರೆ. ನುಂಗಿದ ಕೂಡಲೇ, ಅದು ರಕ್ತಕ್ಕೆ ಸೇರುವ ಮೊದಲೇ ಸಮಾಧಾನ ಶುರುವಾಗಿತ್ತು.

ಹೊರಗೆ ಕಾಣುವ ಆಸರೆಗಳನ್ನು ಪಟ್ಟಿ ಮಾಡುವುದು ಸುಲಭ. ಸ್ನಾಯು ಬಿಗಿಹಿಡಿಯುವುದು, ಮನಸ್ಸಿನಲ್ಲೇ ಏನಾದರೂ ಹೇಳಿಕೊಳ್ಳುವುದು, ಬಾಗಿಲು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು, ಇವು ಕೇಳಿದರೆ ಮಾತ್ರ ಸಿಗುತ್ತವೆ. ಜೊತೆಗೇ ಹೋಗಿ ನೋಡಿದರೆ ಇನ್ನೂ ಚೆನ್ನಾಗಿ ಸಿಗುತ್ತವೆ. ಮುಂದಿನ ಸಲ ನಾನೂ ಅವರೊಂದಿಗೆ ಲಿಫ್ಟ್ ಹತ್ತಿದೆ. ಮಧ್ಯದಲ್ಲಿ, ಏನನ್ನೂ ಹಿಡಿಯದೆ, ಮಂಡಿ ಸಡಿಲ ಬಿಟ್ಟು ನಿಂತರು. ಆಮೇಲೆ ನಾನು ಕೆಳಗೆ ಉಳಿದೆ, ಅವರು ಒಬ್ಬರೇ ಮೇಲೆ ಹೋಗಿ ಬಂದರು.

ಮಾತ್ರೆಯ ವಿಷಯ ನಮ್ಮಿಬ್ಬರ ನಡುವೆ ತೀರ್ಮಾನ ಆಗುವಂಥದ್ದಲ್ಲ. ಮನೋವೈದ್ಯರಿಗೆ ಪೂರ್ತಿ ವಿವರ ಬರೆದು ಕಳಿಸಿದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಪ್ಯಾನಿಕ್ ಕಾಯಿಲೆಗೆ ಬೆಂಜೊಡಯಜೆಪಿನ್ ಬರೆಯಬೇಡಿ ಎಂದೇ ಹೇಳುತ್ತದೆ, ದೀರ್ಘಕಾಲದಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ ಎಂದು. ಆದರೆ ಆಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಎಷ್ಟು ದಿನದಿಂದ, ಎಷ್ಟು ಪ್ರಮಾಣದಲ್ಲಿ ಎನ್ನುವುದನ್ನು ನೋಡಿ ವೈದ್ಯರೇ ಇಳಿಸಬೇಕು. ಶಾಲಿನಿ ಅಪರೂಪಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಇದು ಸಲೀಸಾಯಿತು. ನಿಲ್ಲಿಸಿದ ಮೇಲೂ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಕೆಲವು ದಿನ ಪರ್ಸ್‌ನಲ್ಲೇ ಇಟ್ಟುಕೊಂಡಿದ್ದರು. ಅದನ್ನು ತೆಗೆಯುವುದೇ ಒಂದು ಪರೀಕ್ಷೆಯಾಯಿತು.

ಅಪ್ಪನ ಮಾತು

ಹಿನ್ನಡೆಯ ನಂತರವೇ ಅಪ್ಪನ ಮಾತು ಬಂತು. ಆ ಸಂಜೆ ಶಾಲಿನಿ ಫೋನಿನಲ್ಲಿ ಮಾತಾಡಿದ್ದರು. ಎದೆ ಬಿಗಿಯುತ್ತಿದೆ ಎಂದು ಅಪ್ಪ ಹೇಳಿದಾಗ, "ಸ್ವಲ್ಪ ಮಲಗಿ ಅಪ್ಪಾ" ಎಂದದ್ದು ಅವರೇ.

ಅವರ ನಿಯಮ ಎಲ್ಲಿಂದ ಬಂತು ಎನ್ನುವುದು ಆಗ ಗೊತ್ತಾಯಿತು. ಎದೆಯ ಯಾವ ಸೂಚನೆಯನ್ನೂ ಬಿಡಬಾರದು. ಎಚ್ಚರ ತಪ್ಪಿದರೆ ಸಾವು. ಇದನ್ನು ತಪ್ಪು ಯೋಚನೆ ಎಂದು ಹಾಳೆಯಲ್ಲಿ ಹೊಡೆದುಹಾಕಲು ಬರುವುದಿಲ್ಲ. ಅದರಲ್ಲಿ ದುಃಖವಿದೆ, ತಪ್ಪಿತಸ್ಥ ಭಾವವಿದೆ, ಒಂದಿಷ್ಟು ನಿಜವೂ ಇದೆ. ಎದೆನೋವನ್ನು ನಿಜಕ್ಕೂ ನಿರ್ಲಕ್ಷಿಸಬಾರದು.

ಅದಕ್ಕೆ ಎರಡು ಕೆಲಸ ಮಾಡಿದೆವು. ಅಪ್ಪನ ಬಗ್ಗೆ ಮಾತಾಡಲು ಜಾಗ ಮಾಡಿದೆವು. ಯಾವ ಹಾಳೆಯೂ ಇಲ್ಲದೆ, ಯಾವ ಅಂಕವೂ ಇಲ್ಲದೆ. ಆ ಸಂಜೆ ಅವರಿಗೆ ಗೊತ್ತಿದ್ದದ್ದು ಏನು, ಆಮೇಲೆ ಗೊತ್ತಾದದ್ದು ಏನು ಎನ್ನುವುದನ್ನು ಬೇರೆ ಮಾಡಿ ನೋಡಿದೆವು. ಸಿಬಿಟಿ ಎಂದರೆ ಹಳೆಯದನ್ನು ಮುಟ್ಟುವುದೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಇವತ್ತಿನ ಭಯವನ್ನು ಹಳೆಯದು ಹಿಡಿದು ನಿಲ್ಲಿಸಿದ್ದರೆ ಮುಟ್ಟಲೇಬೇಕು.

ಎರಡನೆಯದು, ಅವರ ವೈದ್ಯರ ಜೊತೆ ಕೂತು ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂದು ಒಮ್ಮೆ ಬರೆದಿಟ್ಟುಕೊಂಡರು. ಮೊದಲು ಎಂದೂ ಬಂದಿರದ ಬಗೆಯ ಎದೆನೋವು, ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಇಳಿಯುವ ನೋವು, ನಿಜಕ್ಕೂ ಪ್ರಜ್ಞೆ ತಪ್ಪುವುದು, ಇವಕ್ಕೆ ತಡಮಾಡದೆ ಹೋಗಬೇಕು. ವೈದ್ಯರು ಹೇಳಿದ ಸಮಯಕ್ಕೆ ಮಾಮೂಲಿ ತಪಾಸಣೆ ಮಾಡಿಸಬೇಕು. ಆಗಲೇ ಪರಿಚಯವಿರುವ ಢವಢವಕ್ಕೆ, ಜುಮ್ಮೆನ್ನುವುದಕ್ಕೆ ಹೋಗುವುದು ಬೇಡ. ಈ ತೀರ್ಮಾನವನ್ನು ಗಾಬರಿಯಿಲ್ಲದ ಹೊತ್ತಿನಲ್ಲಿ ಮಾಡಿದ್ದರಿಂದ, ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಚರ್ಚೆ ಮಾಡುವ ಅಗತ್ಯ ಬೀಳಲಿಲ್ಲ. ಆರೋಗ್ಯದ ಭಯ ಇರುವವರಿಗೆ "ಏನೂ ಆಗಲ್ಲ" ಎಂಬ ಭರವಸೆ ಕೊಡುವುದಕ್ಕಿಂತ ಇದು ಪ್ರಾಮಾಣಿಕ. ಯಾರಿಗೂ ಆ ಭರವಸೆ ಕೊಡಲು ನಮ್ಮಿಂದ ಆಗುವುದಿಲ್ಲ.

ಏನಾಯಿತು

ಮುಗಿಸುವ ಹೊತ್ತಿಗೆ ಪಿಡಿಎಸ್‌ಎಸ್ ಅಂಕ 5ಕ್ಕೆ ಇಳಿದಿತ್ತು. ತಪ್ಪಿಸುವ ಪ್ರಶ್ನೆಗಳ ಅಂಕ ಈ ಸಲ ಎಲ್ಲಕ್ಕಿಂತ ಹೆಚ್ಚು ಇಳಿದಿತ್ತು. ಆಫೀಸಿಗೆ ಹೋಗುತ್ತಿದ್ದರು. ಕಾರು ಓಡಿಸುತ್ತಿದ್ದರು. ಮಗಳನ್ನು ಶಾಲೆಗೆ ಬಿಡುವ ಕೆಲಸವನ್ನು ಗಂಡನಿಂದ ವಾಪಸ್ ಪಡೆದಿದ್ದರು.

ಆಮೇಲಿನ ತಿಂಗಳುಗಳಲ್ಲಿ ಅಟ್ಯಾಕ್ ಬಂದೇ ಇಲ್ಲ ಎಂದಲ್ಲ. ನಿದ್ದೆಗೆಟ್ಟ ಒಂದು ವಾರದಲ್ಲಿ, ಸಿಗ್ನಲ್ ಬಳಿ ಕಾರಿನಲ್ಲಿ ಬಂತು. ಏನು ಮಾಡಿದಿರಿ ಎಂದು ಕೇಳಿದರೆ, "ಏನೂ ಮಾಡ್ಲಿಲ್ಲ. ಸಿಗ್ನಲ್ ಬಿಟ್ಟಿತು, ಹೋದೆ" ಎಂದರು. ಇಂಥ ದಿನ ಬರುತ್ತದೆ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಯಾವ ಸಣ್ಣ ಅಭ್ಯಾಸ ಮೊದಲು ಮರಳಿ ಬರಬಹುದು ಎಂದೂ ಅವರೇ ಬರೆದಿದ್ದರು: ವಾಚ್ ನೋಡುವುದು. ವಾಚ್ ಈಗಲೂ ಕಟ್ಟುತ್ತಾರೆ, ಆದರೆ ನಾಡಿ ತೋರಿಸುವುದನ್ನು ಆಫ್ ಮಾಡಿದ್ದಾರೆ. ವಿಮಾನ ಮಾತ್ರ ಇನ್ನೂ ಹತ್ತಿಲ್ಲ. ಅದು ಪಟ್ಟಿಯಲ್ಲಿ ಉಳಿದಿದೆ.

ಎಸ್‌ಎಸ್‌ಆರ್‌ಐ ಮಾತ್ರೆಯ ಪ್ರಶ್ನೆ ಇನ್ನೂ ಇದೆ. ಶಾಲಿನಿಗೆ ಅದನ್ನೂ ಬೇಗ ಬಿಡುವ ಆತುರ. ಅವಸರ ಬೇಡ, ಬಿಡುವಾಗಲೂ ಭೇಟಿಗಳು ಮುಂದುವರಿಯಲಿ ಎನ್ನುವುದು ನನ್ನ ಮತ್ತು ಮನೋವೈದ್ಯರ ಅಭಿಪ್ರಾಯ. 2000ದಲ್ಲಿ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು 312 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಿಬಿಟಿಯ ಜೊತೆ ಇಮಿಪ್ರಮಿನ್ ಎನ್ನುವ ಔಷಧಿಯನ್ನೂ ಪಡೆದವರು ಚಿಕಿತ್ಸೆ ನಿಲ್ಲಿಸಿದ ನಂತರ, ಔಷಧಿಯಿಲ್ಲದೆ ಸಿಬಿಟಿ ಪಡೆದವರಷ್ಟು ಚೆನ್ನಾಗಿ ಉಳಿಯಲಿಲ್ಲ. ಔಷಧಿ ಬೇರೆ, ಹಾಗಾಗಿ ಅದನ್ನು ಇಲ್ಲಿಗೆ ನೇರವಾಗಿ ತರುವಂತಿಲ್ಲ. ಆದರೂ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕು. ತಾನು ಕಲಿತದ್ದರಿಂದ ಸರಿಹೋದೆ ಎನ್ನುತ್ತಾರೋ, ಮಾತ್ರೆಯಿಂದ ಮಾತ್ರ ಎನ್ನುತ್ತಾರೋ? ಶಾಲಿನಿಯ ವಿಷಯದಲ್ಲಿ ಮಾತ್ರೆಯ ಪ್ರಮಾಣ ಮೊದಲಿಂದ ಕೊನೆಯವರೆಗೆ ಒಂದೇ ಇತ್ತು. ನಡುವೆ ಬದಲಾದದ್ದು ಅವರು ಮಾಡಿದ ಕೆಲಸ. ಇದನ್ನು ದಿನಾಂಕದ ಸಮೇತ ಅವರ ಮುಂದೆ ಇಟ್ಟು ತೋರಿಸಿದೆ.

ಕೊನೆಯ ಭೇಟಿಯಲ್ಲಿ ಉಸಿರಾಟದ ಆ್ಯಪ್ ಪೂರ್ತಿ ಅಳಿಸಿಬಿಡಲೇ ಎಂದು ಕೇಳಿದರು. ಬೇಕಿಲ್ಲ ಎಂದೆ. ರಾತ್ರಿ ಮಲಗುವ ಮುಂಚೆ ಹಾಯಾಗಿ ಅನ್ನಿಸುತ್ತದೆ ಎಂದು ಮಾಡಿದರೆ ತೊಂದರೆಯಿಲ್ಲ. ಎದೆ ಹೊಡೆದುಕೊಂಡಾಗ, ಮಾಡದಿದ್ದರೆ ಸಾಯುತ್ತೇನೆ ಎಂದು ಕೈ ಅದರ ಕಡೆ ಹೋದರೆ, ಆಗ ಫೋನನ್ನು ಕೆಳಗಿಟ್ಟು ಕಾಯಬೇಕು.